ಗಣಕಯಂತ್ರದ ಸ್ಮರಣಕೋಶವೂ ‘ಸಾಕು’ ಎಂಬ ಮಾತಿನ ಇತಿಹಾಸವೂ

ಹೊಸದಾಗಿ ಬಂದ ತಂತ್ರಾಂಶವೊಂದು ತಮ್ಮಲ್ಲಿರುವ ಗಣಕಯಂತ್ರದಲ್ಲಿ ನಡೆಯುವುದೇ, ಅದಕ್ಕೆ ಬೇಕಾದಷ್ಟು ಸ್ಮರಣಕೋಶ ಆ ಯಂತ್ರದಲ್ಲಿ ಉಂಟೇ ಎಂಬ ಪ್ರಶ್ನೆಯನ್ನು ಇಂದು ಕೇಳದ ಕಾಲೇಜಿಲ್ಲ, ಕಚೇರಿಯಿಲ್ಲ. ವ್ಯವಹಾರದಲ್ಲಿ ಮೆಮೊರಿ ಎಂದು ಕರೆಯಲ್ಪಡುವ ಈ ಸ್ಮರಣಕೋಶವು, ಯಂತ್ರವು ಕೆಲಸದಲ್ಲಿ ತೊಡಗಿರುವಾಗ ಸೂಚನೆಗಳನ್ನೂ ದತ್ತಾಂಶವನ್ನೂ ಕೈಯಳವಿನಲ್ಲಿ ಇರಿಸಿಕೊಳ್ಳುವ ತಾಣ. ಅದು ಡಿಸ್ಕಿನಂತೆ ಶಾಶ್ವತ ಉಗ್ರಾಣವಲ್ಲ. ಕೆಲಸ ಮಾಡುವವನ ಮುಂದಿನ ಮೇಜು. ಮೇಜು ಎಷ್ಟು ದೊಡ್ಡದಿರಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿಯಲ್ಲಿ ಕೇಳಿ ತಿಳಿಯಬೇಕಾದ ಸಂಗತಿಯೆಂದು ತೋರಬಹುದು. ಆದರೆ ‘ಸಾಕು’ ಎಂಬ ಈ ಪುಟ್ಟ ಮಾತಿಗೆ ಒಂದು ಇತಿಹಾಸವಿದೆಯೆಂಬುದನ್ನು ವಾಚಕರ ಗಮನಕ್ಕೆ ತರುವುದು ನಮ್ಮ ಉದ್ದೇಶ. ಮೊದಲು ಎಣಿಸಿ ಹೇಳಬಹುದಾಗಿದ್ದ ಉತ್ತರವು ಕ್ರಮೇಣ ಬಳಸುವವನ ತಾಳ್ಮೆಯನ್ನು ಅವಲಂಬಿಸುವಂಥದಾಯಿತು. ಉತ್ತರ ಹೇಳುವ ಅಧಿಕಾರವೂ ಯಂತ್ರವನ್ನು ಬಲ್ಲವನ ಕೈಯಿಂದ ತಂತ್ರಾಂಶವನ್ನು ಒದಗಿಸುವವನ ಕೈಗೆ ಸರಿಯಿತು. ಈ ಪರಿವರ್ತನೆ ಯಾವಾಗ, ಹೇಗೆ ಆಯಿತೆಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

೧೯೪೮ರ ಜೂನ್ ೨೧ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಒಂದು ಪ್ರಯೋಗಯಂತ್ರವು ತನ್ನ ವಿದ್ಯುತ್ ಸ್ಮರಣಕೋಶದಲ್ಲಿಯೇ ಇರಿಸಲಾಗಿದ್ದ ಕ್ರಮವಿಧಿಯನ್ನು ಮೊತ್ತಮೊದಲು ನಡೆಸಿತು. ಆ ಕೋಶವೆಂದರೆ ಒಂದು ಕ್ಯಾಥೋಡ್ ಕಿರಣ ನಳಿಕೆ. ಅದರಲ್ಲಿ ೩೨ ಸಾಲು, ಸಾಲಿಗೆ ೩೨ ಬಿಟ್. ಟಾಮ್ ಕಿಲ್ಬರ್ನ್ ಬರೆದ ಕ್ರಮವಿಧಿಯಲ್ಲಿ ಇದ್ದುದು ೧೭ ಸೂಚನೆಗಳು. ಹದಿನೇಳು ಸಾಲು ಸೂಚನೆಗೆ ಹೋದರೆ ಅಂಕಿಗಳಿಗೆ ಹದಿನೈದು ಸಾಲು ಉಳಿಯುತ್ತವೆ. ಇಲ್ಲಿ ಸ್ಮರಣಕೋಶ ಸಾಲುವುದೇ ಎಂಬ ಪ್ರಶ್ನೆಗೆ ಬೆರಳೆಣಿಕೆಯೇ ಉತ್ತರ, ಸಂದೇಹಕ್ಕೆ ಎಡೆಯಿಲ್ಲ.

ನಮ್ಮ ದೇಶದ ಆರಂಭಕಾಲದ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ೧೯೫೫ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಬಂದ ಎಚ್‌ಇಸಿ-೨ಎಂ ಯಂತ್ರದ ಸ್ಮರಣಕೋಶವು ತಿರುಗುವ ಕಾಂತೀಯ ಉರುಳೆ. ಅದರಲ್ಲಿ ೧೦೨೪ ಯಂತ್ರಪದಗಳಿಗೆ ಸ್ಥಳವಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ, ೧೯೬೦ರಲ್ಲಿ ಕೆಲಸಕ್ಕೆ ಹಚ್ಚಿದ, ೧೯೬೨ರಲ್ಲಿ ಟಿಫ್ರ್ಯಾಕ್ ಎಂದು ನಾಮಕರಣಗೊಂಡ ಯಂತ್ರದಲ್ಲಿ ೪೦ ಬಿಟ್ಟುಗಳ ೨೦೪೮ ಯಂತ್ರಪದಗಳ ಫೆರೈಟ್ ಬಳೆಗಳ ಕೋಶವಿತ್ತು. ಇಂದಿನ ಲೆಕ್ಕದಲ್ಲಿ ಇದು ಹತ್ತು ಕಿಲೊಬೈಟು. ವಾಚಕರು ಈಗ ಓದುತ್ತಿರುವ ಲೇಖನದ ಅಕ್ಷರಗಳನ್ನು ಇಂದಿನ ಸಂಕೇತಕ್ರಮದಲ್ಲಿ ಬರೆದರೆ ಅದರಲ್ಲಿ ಹಿಡಿಸಲಾರವು. ಆದರೂ ಆ ಯಂತ್ರದಲ್ಲಿ ಗಂಭೀರವಾದ ವೈಜ್ಞಾನಿಕ ಗಣನೆಗಳು ನಡೆದುವು. ಇದು ಸಾಧ್ಯವಾದದ್ದಕ್ಕೆ ಕಾರಣ ಸ್ಪಷ್ಟ: ಕ್ರಮವಿಧಿಯನ್ನು ಬರೆದವನೂ, ಅದು ಹಿಡಿಸುವ ಕೋಶವನ್ನು ಬಲ್ಲವನೂ, ಫಲಿತಾಂಶಕ್ಕಾಗಿ ಕಾದಿರುವವನೂ ಬಹುಮಟ್ಟಿಗೆ ಒಬ್ಬನೇ. ಹೊಸ ತಂತ್ರಾಂಶವು ಹೊರಗಿನಿಂದ ಬರುವುದೆಂಬ ಕಲ್ಪನೆಯೇ ಅಲ್ಲಿ ಇರಲಿಲ್ಲ. ಆದ್ದರಿಂದ ನಮ್ಮ ಪ್ರಶ್ನೆಯೂ ನಿಜವಾದ ಅರ್ಥದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದುದು ೧೯೫೭ರಲ್ಲಿ, ಫೋರ್‌ಟ್ರಾನ್ ಭಾಷೆಯೊಡನೆ ಎಂದು ಹೇಳಬಹುದು. ಜಾನ್ ಬ್ಯಾಕಸರ ನೇತೃತ್ವದಲ್ಲಿ ಐಬಿಎಂ ಸಂಸ್ಥೆಯ ೭೦೪ ಯಂತ್ರಕ್ಕಾಗಿ ಸಿದ್ಧವಾದ ಈ ಭಾಷೆಯೊಡನೆ ಕಂಪೈಲರ್ ಎಂಬ ಅನುವಾದಕ ಕ್ರಮವಿಧಿಯೂ ಬಂದಿತು. ಬೀಜಗಣಿತದಂತೆ ಬರೆದ ಸೂತ್ರಗಳನ್ನು ಯಂತ್ರದ ಭಾಷೆಗೆ ತಿರುಗಿಸುವುದು ಅದರ ಕೆಲಸ. ಒಂದು ಕಡೆ ಕೆಲವರು ಬರೆದ ದೊಡ್ಡ ಕ್ರಮವಿಧಿಯು ಬೇರೆ ಊರುಗಳ, ಬೇರೆಯವರ ಯಂತ್ರಗಳಲ್ಲಿ ನಡೆಯಬೇಕಾಗಿ ಬಂದಿತು. ಬರೆದವನು ಒಬ್ಬ, ಕೋಶದ ಬಾಡಿಗೆ ಕೊಡುವವನು ಇನ್ನೊಬ್ಬ ಎಂಬ ವಿಭಾಗ ಇಲ್ಲಿಂದ ಮೊದಲಾಯಿತೆನ್ನಬೇಕು.

ಈ ವಿಭಾಗದ ಮೊದಲ ದಿನಗಳಲ್ಲಿ ಇಕ್ಕಟ್ಟನ್ನು ಹೊತ್ತವನು ಬರೆಯುವವನೇ. ಇದಕ್ಕೆ ಐಬಿಎಂ ೧೪೦೧ ಯಂತ್ರದ ಫೋರ್‌ಟ್ರಾನ್ ಕಂಪೈಲರಿಗಿಂತ ಉತ್ತಮ ನಿದರ್ಶನ ದೊರೆಯದು. ೧೯೫೯ರಲ್ಲಿ ಪ್ರಕಟವಾದ ೧೪೦೧ ಯಂತ್ರವು ಮುಖ್ಯವಾಗಿ ವ್ಯಾಪಾರದ ಲೆಕ್ಕಪತ್ರಗಳಿಗಾಗಿ ಮಾಡಿದುದು. ಅದರ ಸ್ಮರಣಕೋಶ ೧೪೦೦ ಅಕ್ಷರಗಳಿಂದ ೧೬೦೦೦ ಅಕ್ಷರಗಳವರೆಗೆ. ಇಂಥ ಯಂತ್ರದಲ್ಲಿ ೮೦೦೦ ಅಕ್ಷರಗಳ ಕೋಶವಿದ್ದರೆ ಸಾಕೆಂದು ಹೇಳುವ ಫೋರ್‌ಟ್ರಾನ್ ಕಂಪೈಲರನ್ನು ರಚಿಸಿದರು. ಸಾಮಾನ್ಯವಾಗಿ ಕಂಪೈಲರು ಕೋಶದಲ್ಲಿ ಬೀಡುಬಿಟ್ಟಿರುತ್ತದೆ, ಅನುವಾದವಾಗಬೇಕಾದ ಬರಹವು ಸಾಲುಸಾಲಾಗಿ ಅದರ ಮುಂದೆ ಹಾದುಹೋಗುತ್ತದೆ. ಇಲ್ಲಿ ಅದನ್ನು ತಿರುವುಮುರುವು ಮಾಡಿದರು. ಬರಹವು ಕೋಶದಲ್ಲಿ ನೆಲೆನಿಂತಿತು. ಕಂಪೈಲರನ್ನು ೬೩ ತುಂಡುಗಳಾಗಿ ಮಾಡಿ, ಒಂದೊಂದು ತುಂಡನ್ನೂ ಸರದಿಯಂತೆ ಒಳಗೆ ತಂದು, ಅದರ ಕೆಲಸ ಮುಗಿದೊಡನೆ ಅದರ ಜಾಗಕ್ಕೆ ಮುಂದಿನದನ್ನು ತಂದರು. ನಮ್ಮ ಕಡೆಯ ಮದುವೆಮನೆಯ ಊಟದ ಪಂಕ್ತಿಯನ್ನು ನೆನೆದರೆ ಇದು ವಿಶದವಾಗುತ್ತದೆ: ಉಣ್ಣುವವರು ಕುಳಿತಲ್ಲಿಂದ ಏಳುವುದಿಲ್ಲ, ಉಪ್ಪಿನವನು, ಪಲ್ಯದವನು, ಸಾರಿನವನು ಒಬ್ಬರಾದ ಮೇಲೊಬ್ಬರು ಬಂದು ಬಡಿಸಿ ಸರಿಯುತ್ತಾರೆ. ಅಡಿಗೆಮನೆಯನ್ನೆಲ್ಲ ಪಂಕ್ತಿಯ ನಡುವೆ ತಂದಿಡಬೇಕಾಗಿಲ್ಲ. ಯಂತ್ರವನ್ನು ದೊಡ್ಡದು ಮಾಡಿಕೊಳ್ಳಿರೆಂದು ಗ್ರಾಹಕನಿಗೆ ಹೇಳುವ ಬದಲು ಕ್ರಮವಿಧಿಯನ್ನೇ ಅರುವತ್ತಮೂರು ಬಾರಿ ಕತ್ತರಿಸಿದ ಈ ಕೌಶಲವನ್ನು ನಾವು ಆ ಕಾಲದ ಒಂದು ಸೌಜನ್ಯವೆಂದೇ ಎಣಿಸುತ್ತೇವೆ.

ಇದೇ ಸಂದರ್ಭದಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಿಡುವುದು ಉಚಿತ. ೧೯೬೩ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಗೆ ಬಂದು, ನಮ್ಮ ದೇಶದ ಎಷ್ಟೋ ಮಂದಿಗೆ ಫೋರ್‌ಟ್ರಾನ್ ಕಲಿಸಿದ ಯಂತ್ರ ಐಬಿಎಂ ೧೬೨೦. ಈ ಮಾದರಿಯ ಮೂಲ ಸ್ಮರಣಕೋಶ ೨೦೦೦೦ ದಶಮಾಂಶ ಅಂಕಿಗಳದು. ಅಂಕಿಯೊಂದಕ್ಕೆ ಒಂದು ಸ್ಥಾನ. ಅಕ್ಷರವೊಂದಕ್ಕಾದರೋ ಎರಡು ಸ್ಥಾನ. ಅಂದರೆ ಅದೇ ಯಂತ್ರವು ಅಂಕಿ ಬರೆಯುವವನಿಗೆ ದೊಡ್ಡದು, ಅಕ್ಷರ ಬರೆಯುವವನಿಗೆ ಅದರ ಅರ್ಧ. ಕೋಶವು ಸಾಲುವುದೇ ಎಂಬುದು ಯಂತ್ರವನ್ನು ಮಾತ್ರವಲ್ಲದೆ, ಅದರಲ್ಲಿ ಇಡುವ ಬರಹದ ಸಂಕೇತವನ್ನೂ ಅವಲಂಬಿಸಿರುತ್ತದೆ. ಈ ಮಾತಿಗೆ ಕನ್ನಡಿಗರಾದ ನಾವು ಮತ್ತೆ ಹಿಂದಿರುಗಬೇಕಾಗಿದೆ.

೧೯೬೪ರ ಏಪ್ರಿಲ್ ೭ರಂದು ಐಬಿಎಂ ಸಂಸ್ಥೆಯು ಸಿಸ್ಟಂ/೩೬೦ ಎಂಬ ಯಂತ್ರಕುಟುಂಬವನ್ನು ಪ್ರಕಟಿಸಿತು. ಚಿಕ್ಕ ಯಂತ್ರಕ್ಕೆ ಬರೆದ ಕ್ರಮವಿಧಿಯು ದೊಡ್ಡದರಲ್ಲಿಯೂ ನಡೆಯಬೇಕು, ಸ್ಮರಣಕೋಶ ಸಾಕಷ್ಟಿದ್ದರೆ ದೊಡ್ಡದಕ್ಕೆ ಬರೆದದ್ದು ಚಿಕ್ಕದರಲ್ಲಿಯೂ ನಡೆಯಬೇಕು ಎಂಬುದು ಅದರ ಹಿಂದಿನ ಮಹತ್ತ್ವಾಕಾಂಕ್ಷೆ. ಈ ‘ಸಾಕಷ್ಟಿದ್ದರೆ’ ಎಂಬಲ್ಲಿಯೇ ಎಡವಟ್ಟು ಅಡಗಿತ್ತು. ಕುಟುಂಬದ ಕಿರಿಯ ಸದಸ್ಯರಲ್ಲೊಂದಾದ ಮಾದರಿ ೩೦ರ ಕೋಶ ೮ ಕಿಲೊಬೈಟಿನಿಂದ ೬೪ ಕಿಲೊಬೈಟಿನವರೆಗೆ ಮಾತ್ರ. ಇಡೀ ಕುಟುಂಬಕ್ಕೆ ಒಂದೇ ನಿರ್ವಹಣಾ ವ್ಯವಸ್ಥೆಯೆಂದು ಯೋಚಿಸಿದ್ದ ಓಎಸ್/೩೬೦ ಬರೆಯುತ್ತ ಬರೆಯುತ್ತ ಬೆಳೆಯಿತು. ಚಿಕ್ಕ ಯಂತ್ರಗಳಲ್ಲಿ ಅದನ್ನು ಹಿಡಿಸಲು ಸಾಧ್ಯವಿಲ್ಲವೆಂಬುದು ಬಹುಬೇಗ ವಿದಿತವಾಯಿತು. ಆಗ ೮ ಕಿಲೊಬೈಟಿನವರಿಗೆ ಬಿಓಎಸ್, ೧೬ ಕಿಲೊಬೈಟು ಮತ್ತು ಟೇಪು ಉಳ್ಳವರಿಗೆ ಟಿಓಎಸ್, ಅಷ್ಟೇ ಕೋಶ ಮತ್ತು ಡಿಸ್ಕು ಉಳ್ಳವರಿಗೆ ಡಿಓಎಸ್ ಎಂದು ಬೇರೆಬೇರೆ ವ್ಯವಸ್ಥೆಗಳನ್ನು ರಚಿಸಿ ಕೊಡಬೇಕಾಯಿತು. ಒಂದೇ ಮನೆಯೆಂದು ಹೊರಟವರು ಸ್ಮರಣಕೋಶದ ಅಳತೆಗೆ ತಕ್ಕಂತೆ ನಾಲ್ಕು ಒಲೆ ಹೂಡಿದಂತಾಯಿತು. ತತ್ಕಾಲದ ಉಪಾಯವೆಂದು ಹುಟ್ಟಿದ ಡಿಓಎಸ್/೩೬೦, ವಿಎಸ್‌ಇ ಎಂಬ ಹೆಸರಿನ ತನ್ನ ಸಂತತಿಯ ಮೂಲಕ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಬಾಳಿತೆಂಬುದು ಇತಿಹಾಸದ ವಿನೋದಗಳಲ್ಲೊಂದು.

ಓಎಸ್/೩೬೦ ರಚನೆಯ ಮುಖಂಡರಾಗಿದ್ದ ಫ್ರೆಡ್ ಬ್ರೂಕ್ಸ್ ೧೯೭೫ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥದಲ್ಲಿ ಈ ಪ್ರಕರಣದ ಒಳಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟಿದ್ದಾರೆ. ಪ್ರತಿಯೊಂದು ತಂಡಕ್ಕೂ ಸ್ಮರಣಕೋಶದಲ್ಲಿ ಸದಾ ನೆಲೆಸಿರುವ ಭಾಗ ಇಷ್ಟೇ ಇರತಕ್ಕದ್ದೆಂದು ಮಿತಿ ಹಾಕಲಾಗಿತ್ತು. ಮಿತಿಯನ್ನು ಮೀರುವಂತಾದಾಗ ತಂಡಗಳು ತಮ್ಮ ಕ್ರಮವಿಧಿಯ ತುಂಡೊಂದನ್ನು ಕತ್ತರಿಸಿ ಹೊರಗಿಟ್ಟು, ಬೇಕಾದಾಗಲೆಲ್ಲ ಒಳಗೆ ಕರೆತರುವ ಏರ್ಪಾಡು ಮಾಡಿಕೊಂಡವು. ಎಲ್ಲರ ಲೆಕ್ಕವೂ ಸರಿಯಾಯಿತು; ಎಲ್ಲರೂ ಮಿತಿಯೊಳಗೆ ಉಳಿದರು. ಆದರೆ ವ್ಯವಸ್ಥೆಯ ವೇಗವನ್ನು ಅನುಕರಣದಿಂದ ಮೊದಲ ಬಾರಿಗೆ ಅಳೆದಾಗ, ಕುಟುಂಬದ ಬಲಿಷ್ಠ ಯಂತ್ರಗಳಲ್ಲೊಂದಾದ ಮಾದರಿ ೬೫ರಲ್ಲಿ, ವೇಗದ ಉರುಳೆಗಳಿದ್ದೂ, ಫೋರ್‌ಟ್ರಾನ್ ಕಂಪೈಲರು ನಿಮಿಷಕ್ಕೆ ಐದು ವಾಕ್ಯಗಳನ್ನು ಮಾತ್ರ ಅನುವಾದಿಸುವುದೆಂದು ಕಂಡುಬಂದಿತು! ಯಂತ್ರವು ತನ್ನ ಹೊತ್ತನ್ನೆಲ್ಲ ತುಂಡುಗಳನ್ನು ಹೊರಗಿಂದ ಒಳಗೆ ಹೊರುವುದರಲ್ಲಿಯೇ ಕಳೆಯುತ್ತಿತ್ತು.

ನಮ್ಮ ದೃಷ್ಟಿಯಲ್ಲಿ ಈ ಐದು ವಾಕ್ಯಗಳು ಸ್ಮರಣಕೋಶದ ಇತಿಹಾಸದಲ್ಲಿ ಒಂದು ಗಡಿಕಲ್ಲು. ೧೪೦೧ರ ಅರುವತ್ತಮೂರು ತುಂಡುಗಳ ತಂತ್ರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆದರೆ ಅಲ್ಲಿ ಒಂದೊಂದು ತುಂಡೂ ಒಮ್ಮೆ ಬಂದು ಹೋಗುತ್ತಿತ್ತು. ಇಲ್ಲಿ ಅವೇ ತುಂಡುಗಳು ಮತ್ತೆ ಮತ್ತೆ ಬಂದು ಹೋಗುತ್ತಿದ್ದುವು. ಎಣಿಕೆಯ ಪ್ರಕಾರ ಕೋಶವು ಸಾಕಾಗಿತ್ತು. ಕಾಲದ ಪ್ರಕಾರ ಸಾಕಾಗಿರಲಿಲ್ಲ. ಹಿಡಿಸುವುದು ಬೇರೆ, ನಡೆಯುವುದು ಬೇರೆ ಎಂಬ ಅರಿವು ಇಲ್ಲಿ ಕಣ್ಣಿಗೆ ಕಟ್ಟುವಂತೆ ಮೂಡಿತು.

ಇದೇ ಗ್ರಂಥದಲ್ಲಿ ಬರುವ ಇನ್ನೆರಡು ಲೆಕ್ಕಗಳನ್ನು ಬಿಡುವಂತಿಲ್ಲ. ಅಧಿಕ ವರ್ಷದ ಡಿಸೆಂಬರ್ ೩೧, ಅಂದರೆ ವರ್ಷದ ೩೬೬ನೆಯ ದಿನವನ್ನು ಸರಿಯಾಗಿ ದಾಟಿಸುವ ಸಲುವಾಗಿ ಓಎಸ್/೩೬೦ರಲ್ಲಿ ೨೬ ಬೈಟುಗಳು ಸದಾಕಾಲ ಸ್ಮರಣಕೋಶದಲ್ಲಿ ಕುಳಿತಿದ್ದುವಂತೆ. ನಾಲ್ಕು ವರ್ಷಕ್ಕೊಂದು ಸಲ ಬೇಕಾಗುವ ಕೆಲಸ. ಯಂತ್ರದ ಬಳಿ ಇರುವ ಮನುಷ್ಯನು ಅದನ್ನು ಮಾಡಬಹುದಾಗಿತ್ತೆಂದು ಬ್ರೂಕ್ಸರ ಅಭಿಪ್ರಾಯ. ಇಂದು ಇಪ್ಪತ್ತಾರು ಬೈಟುಗಳಿಗಾಗಿ ಪಶ್ಚಾತ್ತಾಪಪಡುವವರು ಎಲ್ಲಿದ್ದಾರೆ? ಇರಲಿ. ಎರಡನೆಯ ಲೆಕ್ಕ ಹೆಚ್ಚು ಮಹತ್ತ್ವದ್ದು. ಎಪಿಎಲ್ ಎಂಬ ತಂತ್ರಾಂಶದ ಬಾಡಿಗೆ ತಿಂಗಳಿಗೆ ೪೦೦ ಡಾಲರು; ಅದು ನಡೆಯಲು ಕನಿಷ್ಠ ೧೬೦ ಕಿಲೊಬೈಟು ಬೇಕು; ಮಾದರಿ ೧೬೫ರ ಸ್ಮರಣಕೋಶದ ಬಾಡಿಗೆ ಕಿಲೊಬೈಟೊಂದಕ್ಕೆ ತಿಂಗಳಿಗೆ ಸುಮಾರು ೧೨ ಡಾಲರು. ಇಡೀ ತಿಂಗಳು ಬಳಸುವವನು ತಂತ್ರಾಂಶಕ್ಕೆ ೪೦೦ ಡಾಲರು ಕೊಟ್ಟರೆ, ಅದು ಕುಳಿತುಕೊಳ್ಳುವ ಜಾಗಕ್ಕೆ ೧೯೨೦ ಡಾಲರು ಕೊಡಬೇಕು.

ಬರೆಯುವವನ ಅಜಾಗರೂಕತೆಗೆ ಬಳಸುವವನು ತೆರುವ ದಂಡ ಎಷ್ಟೆಂಬುದನ್ನು ಈ ಅಂಕಿಗಳು ತೋರಿಸಿಕೊಡುತ್ತವೆ. ೧೯೬೯ರ ಜೂನ್ ೨೩ರಂದು ಐಬಿಎಂ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವ ನಿರ್ಧಾರವನ್ನು ಪ್ರಕಟಿಸುವ ತನಕ ಅದರ ಬಹುಪಾಲು ತಂತ್ರಾಂಶವು ಯಂತ್ರದೊಡನೆಯೇ ಬರುತ್ತಿದ್ದು, ಪುಕ್ಕಟೆಯೆಂಬ ಭಾವನೆಗೆ ಎಡೆಗೊಟ್ಟಿತ್ತು. ವಾಸ್ತವವಾಗಿ ಅದರ ಬೆಲೆಯನ್ನು ಗ್ರಾಹಕನು ಸ್ಮರಣಕೋಶದ ಬಾಡಿಗೆಯಲ್ಲಿ ತೆರುತ್ತಿದ್ದನು. ತಂತ್ರಾಂಶವನ್ನು ಬರೆದವನೂ ಕೋಶವನ್ನು ಬಾಡಿಗೆಗೆ ಕೊಟ್ಟವನೂ ಒಂದೇ ಸಂಸ್ಥೆಯಾಗಿರುವಾಗ, ಕ್ರಮವಿಧಿಯನ್ನು ಕಿರಿದಾಗಿಸುವ ಉತ್ಸಾಹ ಎಲ್ಲಿಂದ ಹುಟ್ಟಬೇಕು ಎಂದು ಕೇಳುವವರೂ ಇರಬಹುದು. ಆದರೆ ಬ್ರೂಕ್ಸರ ಬರವಣಿಗೆಯಲ್ಲಿ ಕಾಣುವುದು ದುರುದ್ದೇಶವಲ್ಲ. ತಂಡತಂಡವೂ ತನ್ನ ಪಾಲಿನ ಲೆಕ್ಕವನ್ನು ಮಾತ್ರ ನೋಡಿಕೊಂಡುದೇ ಅಲ್ಲಿಯ ವ್ಯಾಧಿ.

ಈ ನಡುವೆ ಮ್ಯಾಂಚೆಸ್ಟರಿನಲ್ಲಿ, ಹದಿನೇಳು ಸೂಚನೆಗಳ ಕಿಲ್ಬರ್ನರೇ ಮುಂದಾಳಾಗಿ, ಬೇರೊಂದು ಪರಿಹಾರ ಸಿದ್ಧವಾಗಿತ್ತು. ೧೯೬೨ರ ಡಿಸೆಂಬರ್ ೭ರಂದು ಉದ್ಘಾಟನೆಗೊಂಡ ಅಟ್ಲಾಸ್ ಯಂತ್ರದಲ್ಲಿ ಬಳೆಗಳ ಕೋಶ ೧೬ ಸಾವಿರ ಯಂತ್ರಪದಗಳದು, ಅದರ ಹಿಂದೆ ೯೬ ಸಾವಿರ ಪದಗಳ ಉರುಳೆ. ಕ್ರಮವಿಧಿಯನ್ನು ೫೧೨ ಪದಗಳ ಪುಟಗಳಾಗಿ ವಿಂಗಡಿಸಿ, ಬೇಕಾದ ಪುಟವನ್ನು ಯಂತ್ರವೇ ಉರುಳೆಯಿಂದ ತಂದುಕೊಳ್ಳುವಂತೆ ಮಾಡಿದರು. ಬರೆಯುವವನಿಗೆ ಎರಡೂ ಸೇರಿ ಒಂದೇ ವಿಶಾಲವಾದ ಕೋಶದಂತೆ ತೋರಿತು. ಕತ್ತರಿಸುವ ಶ್ರಮ ಮನುಷ್ಯನಿಂದ ಯಂತ್ರಕ್ಕೆ ವರ್ಗವಾಯಿತು. ಮುಂದೆ ವರ್ಚುವಲ್ ಮೆಮೊರಿ ಎಂದು ಹೆಸರಾದ ಈ ಉಪಾಯವನ್ನು ಐಬಿಎಂ ೧೯೭೨ರಲ್ಲಿ ತನ್ನ ಸಿಸ್ಟಂ/೩೭೦ ಯಂತ್ರಗಳಿಗೆ ಅಳವಡಿಸಿತು. ಇಂದು ನಮ್ಮ ಮೇಜಿನ ಮೇಲಿನ ಯಂತ್ರಗಳಲ್ಲೆಲ್ಲ ಅದು ಇದೆ. ಅದರ ದೆಸೆಯಿಂದ ‘ಹಿಡಿಸದು’ ಎಂಬ ಖಚಿತವಾದ ಉತ್ತರವೇ ಬಹುಮಟ್ಟಿಗೆ ಮರೆಯಾಯಿತು. ಕೋಶ ಸಾಲದಿದ್ದರೂ ಯಂತ್ರ ನಿಲ್ಲುವುದಿಲ್ಲ; ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ. ಪುಟಗಳನ್ನು ಹೊರುವುದರಲ್ಲಿಯೇ ಯಂತ್ರವು ಸವೆಯುವ ಈ ಸ್ಥಿತಿಗೆ ಥ್ರ್ಯಾಶಿಂಗ್ ಎಂದು ಹೆಸರು.

೧೯೬೮ರಲ್ಲಿ ಪೀಟರ್ ಡೆನ್ನಿಂಗ್ ಈ ಸ್ಥಿತಿಯನ್ನು ಶಾಸ್ತ್ರೀಯವಾಗಿ ವಿವೇಚಿಸಿದರು. ಕ್ರಮವಿಧಿಯೊಂದು ಇತ್ತೀಚಿನ ಒಂದು ಕಾಲಾವಧಿಯಲ್ಲಿ ಮುಟ್ಟಿದ ಪುಟಗಳೆಷ್ಟೋ ಅಷ್ಟೂ ಕೋಶದಲ್ಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಥ್ರ್ಯಾಶಿಂಗ್ ತಪ್ಪದು ಎಂಬುದು ಅವರ ಪ್ರತಿಪಾದನೆಯ ಸಾರ. ‘ಸಾಕು’ ಎಂಬ ಮಾತಿಗೆ ಇದಕ್ಕಿಂತ ಪ್ರಾಮಾಣಿಕವಾದ ಲಕ್ಷಣವನ್ನು ನಾವು ಕಾಣೆವು. ಅದು ಯಂತ್ರವನ್ನಾಗಲಿ ತಂತ್ರಾಂಶದ ಗಾತ್ರವನ್ನಾಗಲಿ ಅಳೆಯದೆ, ನಡೆಯುತ್ತಿರುವ ಕೆಲಸವನ್ನೇ ಅಳೆಯುತ್ತದೆ. ಅಂಗಡಿಗಳಲ್ಲಿ ತಂತ್ರಾಂಶದ ಪೆಟ್ಟಿಗೆಯ ಮೇಲೆ ಕನಿಷ್ಠ ಮೆಮೊರಿ ಇಷ್ಟೆಂದು ಅಚ್ಚಾಗುವ ಕಾಲ ಬಂದಾಗ ಈ ಲಕ್ಷಣ ಅಲ್ಲಿ ಕಾಣಿಸಲಿಲ್ಲ. ಬಳಸುವವನ ಕೆಲಸ ಎಂಥದೆಂದು ಕೇಳದೆಯೇ ಪೆಟ್ಟಿಗೆಯು ಒಂದು ಸಂಖ್ಯೆಯನ್ನು ನುಡಿಯಿತು.

೧೯೮೧ರ ಐಬಿಎಂ ಪಿಸಿಯ ಕಥೆ ಸುಪರಿಚಿತವಾದುದರಿಂದ ಬೇಗ ದಾಟಬಹುದು. ಅದರ ಸಂಸ್ಕಾರಕವು ಒಂದು ಮೆಗಾಬೈಟಿನವರೆಗೆ ವಿಳಾಸ ಮಾಡಬಲ್ಲದಾಗಿತ್ತು. ಅದರಲ್ಲಿ ೩೮೪ ಕಿಲೊಬೈಟು ಪರದೆಗೂ ಇತರ ಆಂತರಿಕ ಕಾರ್ಯಗಳಿಗೂ ಮೀಸಲಾಗಿ, ಕ್ರಮವಿಧಿಗಳಿಗೆ ೬೪೦ ಕಿಲೊಬೈಟು ಉಳಿಯಿತು. ಅಷ್ಟು ಯಾರಿಗಾದರೂ ಸಾಕೆಂದು ಬಿಲ್ ಗೇಟ್ಸ್ ಹೇಳಿದರೆಂಬ ಮಾತು ಲೋಕದಲ್ಲಿ ಹಬ್ಬಿದೆ. ಅವರು ಅದನ್ನು ಅಲ್ಲಗಳೆದಿದ್ದಾರೆ. ಸಮಕಾಲೀನ ಆಧಾರವನ್ನು ಯಾರೂ ತೋರಿಸಿಲ್ಲ. ಇಂಥ ಮಾತನ್ನು ಪಾಠದಲ್ಲಿ ಉದಾಹರಿಸುವ ಅಧ್ಯಾಪಕರು ಇದನ್ನು ಗಮನಿಸಬೇಕೆಂದು ನಮ್ಮ ವಿಜ್ಞಾಪನೆ.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆಗಳು ಹೇಳಿದ ಕನಿಷ್ಠ ಸಂಖ್ಯೆಗಳು ಇಲ್ಲಿ ಪ್ರಸ್ತುತ. ೧೯೯೫ರ ವಿಂಡೋಸ್ ೯೫ಕ್ಕೆ ೪ ಮೆಗಾಬೈಟು; ೨೦೦೧ರ ಎಕ್ಸ್‌ಪಿಗೆ ೬೪; ೨೦೦೭ರ ವಿಸ್ತಾಕ್ಕೆ ೫೧೨; ೨೦೨೧ರ ವಿಂಡೋಸ್ ೧೧ಕ್ಕೆ ೪ ಗಿಗಾಬೈಟು. ಇಪ್ಪತ್ತಾರು ವರ್ಷಗಳಲ್ಲಿ ೧೦೨೪ ಪಟ್ಟು. ಕನಿಷ್ಠದ ಪಕ್ಕದಲ್ಲಿ ಶಿಫಾರಸು ಮಾಡಿದ ಪ್ರಮಾಣವೆಂದು ಇನ್ನೊಂದು ಸಂಖ್ಯೆಯೂ ಇರುತ್ತಿತ್ತು: ೯೫ಕ್ಕೆ ೮, ಎಕ್ಸ್‌ಪಿಗೆ ೧೨೮ ಮೆಗಾಬೈಟು. ಎರಡೂ ಸಂಖ್ಯೆಗಳ ನಡುವಣ ಅಂತರವೇ ಬಳಸುವವನ ತಾಳ್ಮೆಗೆ ಬಿಟ್ಟ ಪ್ರದೇಶ. ವಿಸ್ತಾ ಬರುವ ಮುನ್ನ, ೨೦೦೬ರಲ್ಲಿ, ಮಾರಾಟದ ಯಂತ್ರಗಳಿಗೆ ‘ವಿಸ್ತಾ ಕೇಪಬಲ್’ ಎಂಬ ಚೀಟಿ ಅಂಟಿಸಿದರು. ಅದಕ್ಕೆ ೫೧೨ ಮೆಗಾಬೈಟು ಸಾಕು, ‘ಪ್ರೀಮಿಯಂ ರೆಡಿ’ ಎನ್ನಿಸಿಕೊಳ್ಳಲು ಒಂದು ಗಿಗಾಬೈಟು ಬೇಕು. ಚೀಟಿಯನ್ನು ನಂಬಿ ಕೊಂಡ ಯಂತ್ರಗಳಲ್ಲಿ ವಿಸ್ತಾದ ಮುಖ್ಯ ಸೊಗಸುಗಳು ನಡೆಯುವುದಿಲ್ಲವೆಂದು ೨೦೦೭ರಲ್ಲಿ ಸಿಯಾಟಲ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಅಲ್ಲಿಯ ವಿವಾದ ಮುಖ್ಯವಾಗಿ ಚಿತ್ರಸಂಸ್ಕರಣೆಯ ಭಾಗವನ್ನು ಕುರಿತದ್ದು; ೨೦೦೯ರಲ್ಲಿ ನ್ಯಾಯಾಲಯವು ಸಾಮೂಹಿಕ ದಾವೆಯ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಫಲಿತಾಂಶವೇನೇ ಇರಲಿ, ಯಂತ್ರಕ್ಕೆ ತಂತ್ರಾಂಶವನ್ನು ನಡೆಸುವ ಶಕ್ತಿಯುಂಟೇ ಎಂಬ ಪ್ರಶ್ನೆ ಎಂಜಿನಿಯರನ ಕೋಣೆಯಿಂದ ನ್ಯಾಯಾಧೀಶರ ಮುಂದೆ ಬಂದು ನಿಂತದ್ದು ಗಮನಾರ್ಹ.

ಬಳಸುವವನೂ ಒಮ್ಮೊಮ್ಮೆ ಬೇಡವೆನ್ನಬಲ್ಲ. ಅಗ್ಗದ ಸಣ್ಣ ಲ್ಯಾಪ್‌ಟಾಪುಗಳು ಜನಪ್ರಿಯವಾದಾಗ ವಿಸ್ತಾ ಅವುಗಳಿಗೆ ಭಾರವೆನಿಸಿತು. ೨೦೦೮ರ ಏಪ್ರಿಲಿನಲ್ಲಿ ಮೈಕ್ರೋಸಾಫ್ಟ್ ಅಂಥ ಯಂತ್ರಗಳಿಗಾಗಿ ಹಳೆಯ ಎಕ್ಸ್‌ಪಿಯ ಮಾರಾಟದ ಅವಧಿಯನ್ನು ವಿಸ್ತರಿಸಬೇಕಾಯಿತು. ೨೦೦೯ರ ವಿಂಡೋಸ್ ೭ಕ್ಕೂ ೨೦೧೫ರ ವಿಂಡೋಸ್ ೧೦ಕ್ಕೂ ಹೇಳಿದ ಕನಿಷ್ಠ ಪ್ರಮಾಣ ಒಂದೇ: ೩೨ ಬಿಟ್ ರೂಪಕ್ಕೆ ಒಂದು ಗಿಗಾಬೈಟು, ೬೪ ಬಿಟ್ ರೂಪಕ್ಕೆ ಎರಡು. ತಂತ್ರಾಂಶದ ಬೆಳವಣಿಗೆ ಪ್ರಕೃತಿನಿಯಮವೆಂದು ನಂಬಿದವರಿಗೆ ಈ ಆರು ವರ್ಷಗಳ ವಿರಾಮ ಒಂದು ಉತ್ತರ.

ಕನ್ನಡದ ಸಂಗತಿಗೆ ಬರೋಣ. ಪಿಸಿಯ ಅಕ್ಷರಪರದೆಯು ತನ್ನ ಕೋಶದಲ್ಲಿ ಇಟ್ಟುಕೊಳ್ಳುತ್ತಿದ್ದುದು ೨೫೬ ಅಕ್ಷರರೂಪಗಳನ್ನು ಮಾತ್ರ. ಒತ್ತಕ್ಷರ, ಗುಣಿತಾಕ್ಷರಗಳ ನಮ್ಮ ಲಿಪಿಗೆ ಅದು ಸಾಲದು. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡು ಈ ಕೊರತೆಯನ್ನು ಯಂತ್ರದೊಳಗೆ ಇನ್ನೊಂದು ಫಲಕವನ್ನೇ ಸೇರಿಸಿ ತುಂಬಿತು. ೧೯೯೮ರಲ್ಲಿ ಹೊರಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಸಾಧಾರಣ ಯಂತ್ರಗಳಲ್ಲಿಯೇ ಎಂಟು ಬಿಟ್ಟಿನ ಫಾಂಟುಗಳಿಂದ ಕನ್ನಡವನ್ನು ನಡೆಸಿದುವು. ಕೈಲಿದ್ದ ಯಂತ್ರಕ್ಕೆ ಕ್ರಮವಿಧಿಯನ್ನು ಹೊಂದಿಸುವ ೧೪೦೧ರ ಕಾಲದ ಬುದ್ಧಿ ಇವುಗಳಲ್ಲಿ ಕಾಣುತ್ತದೆಂದರೆ ಅತಿಶಯೋಕ್ತಿಯಾಗಲಾರದು.

ಬಳಿಕ ಯುನಿಕೋಡ್ ರೂಢಿಗೆ ಬಂದಿತು. ‘ಕನ್ನಡ’ ಎಂಬ ಪದದಲ್ಲಿ, ವಿರಾಮಚಿಹ್ನೆಯಾದ ಹಲಂತವೂ ಸೇರಿ, ಐದು ಸಂಕೇತಗಳಿವೆ. ೧೯೯೧ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಇದಕ್ಕೆ ಐದು ಬೈಟು. ಯುನಿಕೋಡಿನ ಯುಟಿಎಫ್-೮ ರೂಪದಲ್ಲಿ ಹದಿನೈದು. ಇಂಗ್ಲಿಷ್ ಅಕ್ಷರಕ್ಕೆ ಮಾತ್ರ ಅಲ್ಲಿ ಒಂದೇ ಬೈಟು. ೧೬೨೦ರ ಸ್ಮರಣಕೋಶದಲ್ಲಿ ಅಂಕಿಗೂ ಅಕ್ಷರಕ್ಕೂ ಇದ್ದ ತಾರತಮ್ಯ ಇಲ್ಲಿ ಭಾಷೆ ಭಾಷೆಗಳ ನಡುವೆ ಬಂದಿದೆ. ಆದರೆ ಈ ಅಂಕಿಯನ್ನು ಹಿಡಿದು ಯುನಿಕೋಡನ್ನು ಹಳಿಯುವವರ ವಾದವನ್ನು ನಾವು ಒಪ್ಪುವುದಿಲ್ಲ. ಒಂದು ದೊಡ್ಡ ಕಾದಂಬರಿಯ ಪಠ್ಯವೂ ಕೆಲವೇ ಮೆಗಾಬೈಟುಗಳಲ್ಲಿ ಅಡಗುತ್ತದೆ. ನಮ್ಮ ಶಾಲೆ ಕಚೇರಿಗಳಿಗೆ ಅಡ್ಡವಾಗಬಹುದಾಗಿದ್ದುದು ಅಕ್ಷರಗಳ ಭಾರವಲ್ಲ, ಅವುಗಳನ್ನು ಹೊತ್ತು ತಂದ ವ್ಯವಸ್ಥೆಯ ಭಾರ. ವಿಂಡೋಸ್ ವ್ಯವಸ್ಥೆಯು ತಾನೇ ಕನ್ನಡದ ಯುನಿಕೋಡ್ ಲಿಪಿಯನ್ನು ಮೊದಲು ಬೆಂಬಲಿಸಿದ್ದು ತುಂಗಾ ಎಂಬ ಫಾಂಟಿನೊಡನೆ ಬಂದ ಎಕ್ಸ್‌ಪಿಯಲ್ಲಿ. ವಿಂಡೋಸ್ ೯೮ ಕೇಳುತ್ತಿದ್ದ ಕನಿಷ್ಠ ಕೋಶ ೧೬ ಮೆಗಾಬೈಟು. ಎಕ್ಸ್‌ಪಿ ಕೇಳುತ್ತಿದ್ದುದು ಅದರ ನಾಲ್ಕು ಪಟ್ಟು, ನೆಮ್ಮದಿಯಿಂದ ನಡೆಯಬೇಕಾದರೆ ಎಂಟು ಪಟ್ಟು. ಅಷ್ಟು ಕೋಶವಿದ್ದ ಯಂತ್ರದಲ್ಲಿಯೂ ಕನ್ನಡವು ತಾನಾಗಿ ಬರುತ್ತಿರಲಿಲ್ಲ. ಸಂಕೀರ್ಣ ಲಿಪಿಗಳ ಕಡತಗಳು ಬೇಕೆಂದು ಒಂದು ಚೌಕದಲ್ಲಿ ಗುರುತು ಹಾಕಬೇಕಾಗಿತ್ತು. ಹಾಕಿದೊಡನೆ, ಅರಬ್ಬಿ, ಹೀಬ್ರೂ, ಥಾಯ್ ಮುಂತಾದುವುಗಳ ಜೊತೆಗೆ ಭಾರತೀಯ ಲಿಪಿಗಳಿಗೂ ಸೇರಿ ಡಿಸ್ಕಿನಲ್ಲಿ ಹತ್ತು ಮೆಗಾಬೈಟು ಅಥವಾ ಅದಕ್ಕಿಂತ ಹೆಚ್ಚಿನ ಜಾಗ ಬೇಕಾಗುವುದೆಂಬ ಎಚ್ಚರಿಕೆಯ ವಾಕ್ಯವೊಂದು ಪರದೆಯ ಮೇಲೆ ಮೂಡುತ್ತಿತ್ತು.